ದ.ರಾ.ಬೇಂದ್ರೆ ಎಂಬ ಫೈಲಿನ ಎಕ್ಸ್‌ಟೆನ್ಶನ್ ಯಾವುದು? – ಒಂದು ಪ್ರಕರಣ ಅಧ್ಯಯನ

ಕನ್ನಡ ಸಾಹಿತಿಗಳ ಭಾವಚಿತ್ರ, ಕಿರುಪರಿಚಯ ಮತ್ತು ಧ್ವನಿಮುದ್ರಣಗಳನ್ನು ಹಲವು ವರ್ಷಗಳಿಂದ ಕೂಡಿಡುತ್ತ ಬಂದ ಒಂದು ಸಣ್ಣ ಸಾಹಿತ್ಯ ಸಂಘಕ್ಕೆ ತನ್ನ ಸಂಗ್ರಹವನ್ನು ಜಾಲತಾಣಕ್ಕೆ ಏರಿಸುವ ಮೊದಲು ಒಂದು ಸರಳ ಪ್ರಶ್ನೆಗೆ ಉತ್ತರ ಬೇಕಾಗಿತ್ತು: ಪಟ್ಟಿಯಲ್ಲಿರುವ ಪ್ರತಿಯೊಬ್ಬ ಸಾಹಿತಿಯ ಹೆಸರಿನಲ್ಲಿ ಚಿತ್ರ ಇದೆಯೇ, ಪರಿಚಯ ಇದೆಯೇ, ಧ್ವನಿ ಇದೆಯೇ? ಪಟ್ಟಿಯಲ್ಲಿದ್ದದ್ದು 400ಕ್ಕೂ ಹೆಚ್ಚು ಹೆಸರುಗಳು. ‘ಚಿತ್ರ’, ‘ಪರಿಚಯ’, ‘ಧ್ವನಿ’ ಎಂಬ ಮೂರು ಫೋಲ್ಡರುಗಳಿದ್ದವು, ಮತ್ತು ಫೈಲಿಗೆ ಸಾಹಿತಿಯ ಹೆಸರನ್ನೇ ಇಡಬೇಕೆಂಬ ನಿಯಮವನ್ನು ಸಂಘದವರು ಮೊದಲಿನಿಂದಲೂ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದರು. ಆದರೆ ಯಾವ ಬಗೆಯ ಫೈಲು ಎಂಬುದಕ್ಕೆ ನಿಯಮವಿರಲಿಲ್ಲ. ಚಿತ್ರಗಳಲ್ಲಿ ಜೆಪಿಜಿ, ಜೆಪೆಗ್, ಟಿಫ್, ಪಿಎನ್‌ಜಿ ಎಲ್ಲವೂ ಇದ್ದವು. ಪರಿಚಯಗಳು ಡಾಕ್, ಡಾಕ್ಸ್, ಟೆಕ್ಸ್ಟ್ ಮತ್ತು ಪಿಡಿಎಫ್ ರೂಪದಲ್ಲಿದ್ದವು. ಧ್ವನಿಯಲ್ಲಿ ಎಂಪಿ3 ಮತ್ತು ವೇವ್ ಬೆರೆತಿದ್ದವು. ಆದ್ದರಿಂದ ಎಕ್ಸ್‌ಟೆನ್ಶನ್ (ಹೆಸರಿನ ಕೊನೆಯಲ್ಲಿ ಚುಕ್ಕಿಯ ಬಳಿಕ ಬಂದು ಫೈಲಿನ ಬಗೆಯನ್ನು ಹೇಳುವ ಬಾಲ) ಯಾವುದಾದರೂ ಇರಲಿ, ಹೆಸರು ಹೊಂದಿದರೆ ಸಾಕು ಎಂಬ ಹುಡುಕಾಟ ಬೇಕಾಯಿತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಬಲ್ಲವರಿಗೆ ಇದು ಅರ್ಧ ಗಂಟೆಯ ಕೆಲಸವೆಂದೇ ತೋರುತ್ತದೆ. ನನಗೂ ಹಾಗೆಯೇ ತೋರಿತ್ತು.

ಅದು ಅರ್ಧ ಗಂಟೆಯಲ್ಲಿ ಏಕೆ ಮುಗಿಯಲಿಲ್ಲ, ಒಂದೊಂದು ಹೆಜ್ಜೆಯಲ್ಲಿ ಏನು ತಪ್ಪಿತು, ಕೊನೆಗೆ ಯಾವ ಕ್ರಮ ನಿಂತಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕನ್ನಡದ ಹೆಸರುಗಳನ್ನು ಫೈಲುಗಳಿಗೆ ಇಟ್ಟು ಕೆಲಸ ಮಾಡುವ ಯಾರಿಗಾದರೂ ಇದೇ ತೊಡಕುಗಳು ಎದುರಾಗುತ್ತವೆ ಎಂದು ನಾನು ನಂಬಿದ್ದೇನೆ, ಏಕೆಂದರೆ ತೊಡಕಿನ ಮೂಲ ನಾವು ಹೆಸರು ಬರೆಯುವ ಪದ್ಧತಿಯಲ್ಲೇ ಇದೆ. ಒಂದು ಸೂಚನೆ: ಎಕ್ಸ್‌ಟೆನ್ಶನ್‌ಗಳು ಡಿಸ್ಕಿನಲ್ಲಿ ರೋಮನ್ ಅಕ್ಷರಗಳಲ್ಲೇ ಇರುತ್ತವೆ, ಇಲ್ಲಿ ಓದಿನ ಅನುಕೂಲಕ್ಕಾಗಿ ಅವನ್ನು ಮತ್ತು ಪೈಥಾನಿನ ಪದಗಳನ್ನು ಕನ್ನಡದಲ್ಲಿ ಬರೆದಿದ್ದೇನೆ.

ಮೊದಲ ಸ್ಕ್ರಿಪ್ಟ್ ಮತ್ತು ಅದು ತಂದ ವರದಿ

ಮೊದಲ ಸ್ಕ್ರಿಪ್ಟನ್ನು, ಅಂದರೆ ಈ ಹುಡುಕಾಟ ಮಾಡುವ ಕಿರು ಪ್ರೋಗ್ರಾಮನ್ನು, ಬರೆದವರು ಸಂಘದ ಒಬ್ಬ ಯುವ ಸ್ವಯಂಸೇವಕರು. ಫೈಲಿನ ಹೆಸರನ್ನು ಚುಕ್ಕಿಯಲ್ಲಿ ಒಡೆದು ಮೊದಲ ತುಂಡನ್ನು ತೆಗೆದುಕೊಳ್ಳುವುದು ಅವರ ಕ್ರಮ; ಪೈಥಾನಿನಲ್ಲಿ ‘ಸ್ಪ್ಲಿಟ್’ ಮಾಡಿ ಸೊನ್ನೆಯನೆಯ ತುಂಡನ್ನು ಎತ್ತಿಕೊಂಡರೆ ಮುಗಿಯಿತು. ‘ಕುವೆಂಪು.ಜೆಪಿಜಿ’ ಎಂಬುದರಿಂದ ‘ಕುವೆಂಪು’ ಸಿಗುತ್ತದೆ, ಆದ್ದರಿಂದ ಪರೀಕ್ಷೆಗೆ ಹಿಡಿದ ಮೊದಲ ಫೈಲಿನಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತು. ಪೂರ್ತಿ ಪಟ್ಟಿಗೆ ಓಡಿಸಿದಾಗ ಮಾತ್ರ ಬಹುಪಾಲು ಸಾಹಿತಿಗಳಿಗೆ ಚಿತ್ರವೇ ಇಲ್ಲವೆಂದು ವರದಿ ಬಂತು. ಫೋಲ್ಡರನ್ನು ತೆರೆದು ನೋಡಿದರೆ ಚಿತ್ರಗಳು ಕಣ್ಣೆದುರಿಗೇ ಇದ್ದವು.

ಆ ವರದಿಯಲ್ಲಿ ಸಿಕ್ಕ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾರಣ ತಾನಾಗಿ ತಿಳಿಯಿತು. ಸಿಕ್ಕವರು ಕುವೆಂಪು, ತ್ರಿವೇಣಿ, ನಿರಂಜನ, ವೈದೇಹಿ, ಶಾಂತಿನಾಥ ದೇಸಾಯಿ. ಸಿಗದವರು ದ.ರಾ.ಬೇಂದ್ರೆ, ಪು.ತಿ.ನ., ಕೆ.ಎಸ್.ನರಸಿಂಹಸ್ವಾಮಿ, ಜಿ.ಎಸ್.ಶಿವರುದ್ರಪ್ಪ, ತೀ.ನಂ.ಶ್ರೀ. ಅಂದರೆ ಚುಕ್ಕಿಯಿಲ್ಲದ ಹೆಸರುಗಳು ಉಳಿದಿದ್ದವು, ಚುಕ್ಕಿಯಿದ್ದ ಹೆಸರುಗಳೆಲ್ಲ ಕಳೆದುಹೋಗಿದ್ದವು. ‘ದ.ರಾ.ಬೇಂದ್ರೆ.ಜೆಪಿಜಿ’ ಎಂಬುದನ್ನು ಮೊದಲ ಚುಕ್ಕಿಯಲ್ಲಿ ಕತ್ತರಿಸಿದರೆ ಉಳಿಯುವುದು ‘ದ’ ಎಂಬ ಒಂದೇ ಅಕ್ಷರ. ‘ಕೆ’ ಎಂಬ ಒಂದೇ ಕೀಲಿಯ (ಫೈಲನ್ನು ಗುರುತಿಸಲು ಸ್ಕ್ರಿಪ್ಟ್ ಬಳಸುವ ಹೆಸರಿನ) ಕೆಳಗೆ ಕೆ ಅಕ್ಷರದಿಂದ ಇನಿಶಿಯಲ್ ಆರಂಭವಾಗುವ ಎಲ್ಲ ಸಾಹಿತಿಗಳ ಚಿತ್ರಗಳೂ ಬಂದು ಬಿದ್ದು, ಒಂದರ ಮೇಲೊಂದು ಅಳಿಸಿಹೋಗಿ, ಕೊನೆಗೆ ಓದಿದ ಫೈಲೊಂದೇ ನಿಂತಿತ್ತು.

ಇಂಗ್ಲಿಷ್ ಹೆಸರಿನ ಫೈಲುಗಳಲ್ಲಿ ಚುಕ್ಕಿ ಸಾಮಾನ್ಯವಾಗಿ ಒಂದೇ ಇರುತ್ತದೆ, ಮತ್ತು ಅದು ಎಕ್ಸ್‌ಟೆನ್ಶನ್ನಿನ ಹಿಂದೆಯೇ ಇರುತ್ತದೆ. ಹಾಗಾಗಿ ಮೊದಲ ಚುಕ್ಕಿಯೋ ಕೊನೆಯ ಚುಕ್ಕಿಯೋ ಎಂಬ ಪ್ರಶ್ನೆ ಬಹಳ ಜನರಿಗೆ ಏಳುವುದೇ ಇಲ್ಲ. ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ವ್ಯಕ್ತಿಯ ಹೆಸರಿಗೆ ಅಂಟಿಕೊಂಡೇ ಇರುತ್ತವೆ, ಹಲವು ಸಲ ಆ ಮೊದಲಕ್ಷರಗಳೇ ಹೆಸರಾಗಿ ನಿಲ್ಲುತ್ತವೆ. ಅ.ನ.ಕೃ. ಎಂದರೆ ಸಾಕು, ಯಾರೆಂದು ಯಾರೂ ಕೇಳುವುದಿಲ್ಲ. ಆ ಚುಕ್ಕಿ ಹೆಸರಿನ ಅಂಗ.

ಕೊನೆಯ ಚುಕ್ಕಿಯೂ ನಂಬಿಕೆಗೆ ಅರ್ಹವಲ್ಲ

ಸಹಜವಾದ ಮುಂದಿನ ಹೆಜ್ಜೆ ಪೈಥಾನ್ ತಾನೇ ಕೊಡುವ ಸಲಕರಣೆಯನ್ನು ಬಳಸುವುದು. ಹಳೆಯ ‘ಓಎಸ್.ಪಾತ್’ ಮಾಡ್ಯೂಲಿನಲ್ಲಿ ‘ಸ್ಪ್ಲಿಟ್‌ಎಕ್ಸ್‌ಟ್’ ಇದೆ. 2014ರಲ್ಲಿ ಬಂದ ಪೈಥಾನ್ 3.4ರಿಂದ ‘ಪಾತ್‌ಲಿಬ್’ ಇದೆ, ಅದರಲ್ಲಿ ‘ಸ್ಟೆಮ್’ ಎಂಬ ಗುಣ ಎಕ್ಸ್‌ಟೆನ್ಶನ್ ಬಿಟ್ಟ ಹೆಸರನ್ನೂ ‘ಸಫಿಕ್ಸ್’ ಎಂಬುದು ಎಕ್ಸ್‌ಟೆನ್ಶನ್ನನ್ನೂ ಕೊಡುತ್ತದೆ. ಎರಡೂ ಕೊನೆಯ ಚುಕ್ಕಿಯನ್ನು ನೋಡುತ್ತವೆ. ‘ದ.ರಾ.ಬೇಂದ್ರೆ.ಜೆಪಿಜಿ’ ಎಂಬುದರ ಸ್ಟೆಮ್ ಸರಿಯಾಗಿ ‘ದ.ರಾ.ಬೇಂದ್ರೆ’ ಎಂದೇ ಬರುತ್ತದೆ. ಈ ಒಂದು ಬದಲಾವಣೆಯಿಂದಲೇ ಕಳೆದುಹೋಗಿದ್ದ ಹೆಸರುಗಳಲ್ಲಿ ಹೆಚ್ಚಿನವು ಮರಳಿ ಬಂದವು, ನಮಗೂ ಧೈರ್ಯ ಬಂತು.

ಆದರೆ ಪರಿಚಯದ ಫೋಲ್ಡರಿನಲ್ಲಿ ಕೆಲವು ಫೈಲುಗಳಿಗೆ ಎಕ್ಸ್‌ಟೆನ್ಶನ್ನೇ ಇರಲಿಲ್ಲ. ಹೆಸರು ಬದಲಿಸುವಾಗ ಯಾರೋ ಪೂರ್ತಿ ಅಳಿಸಿ ಬರೆದಿದ್ದರು. ‘ಅ.ನ.ಕೃ’ ಎಂಬಷ್ಟೇ ಹೆಸರಿನ ಫೈಲಿನ ಸ್ಟೆಮ್ ಕೇಳಿದರೆ ಪಾತ್‌ಲಿಬ್ ‘ಅ.ನ’ ಎನ್ನುತ್ತದೆ, ಸಫಿಕ್ಸ್ ಕೇಳಿದರೆ ‘.ಕೃ’ ಎನ್ನುತ್ತದೆ. ‘ದ.ರಾ.ಬೇಂದ್ರೆ’ ಎಂಬ ಫೈಲಿಗೆ ‘.ಬೇಂದ್ರೆ’ ಎಂಬುದೇ ಎಕ್ಸ್‌ಟೆನ್ಶನ್. ಪೈಥಾನಿನ ದೃಷ್ಟಿಯಲ್ಲಿ ಇದರಲ್ಲಿ ತಪ್ಪಿಲ್ಲ. ಕೊನೆಯ ಚುಕ್ಕಿಯ ಆಚೆಗಿರುವುದೆಲ್ಲ ಎಕ್ಸ್‌ಟೆನ್ಶನ್ ಎಂಬ ತನ್ನ ನಿಯಮವನ್ನು ಅದು ಪಾಲಿಸಿದೆ. ಧ್ವನಿ ಫೋಲ್ಡರಿನಲ್ಲಿ ಇದರದೇ ಇನ್ನೊಂದು ರೂಪ ಕಂಡಿತು: ಸಂದರ್ಶನದ ದಿನಾಂಕವನ್ನು ನಾವು ಬರೆಯುವ ರೂಢಿಯಂತೆ 12.03.2019 ಎಂದು ಹೆಸರಿನ ಕೊನೆಗೆ ಸೇರಿಸಿ ಎಕ್ಸ್‌ಟೆನ್ಶನ್ ಬಿಟ್ಟಿದ್ದಲ್ಲಿ, ವರ್ಷವೇ ಎಕ್ಸ್‌ಟೆನ್ಶನ್ ಆಗಿ ಕತ್ತರಿಸಿಹೋಗಿತ್ತು.

ಹೆಸರಿನ ಕೊನೆಯಲ್ಲೂ ಚುಕ್ಕಿಯಿರುವ ಪು.ತಿ.ನ. ಇನ್ನೂ ಸೂಕ್ಷ್ಮ. ಚುಕ್ಕಿಯನ್ನು ಉಳಿಸಿ ಬರೆದವರ ಫೈಲು ‘ಪು.ತಿ.ನ..ಜೆಪಿಜಿ’ ಎಂದು ಎರಡು ಚುಕ್ಕಿಗಳೊಂದಿಗೆ ಇತ್ತು. ಅದರ ಸ್ಟೆಮ್ ‘ಪು.ತಿ.ನ.’. ಪಟ್ಟಿಯಲ್ಲಿ ಕೊನೆಯ ಚುಕ್ಕಿ ಇರಲಿಲ್ಲ, ಹಾಗಾಗಿ ಹೊಂದಲಿಲ್ಲ. ಎಕ್ಸ್‌ಟೆನ್ಶನ್ ಇಲ್ಲದೆ ‘ಪು.ತಿ.ನ.’ ಎಂದಷ್ಟೇ ಇದ್ದರೆ ಪೈಥಾನಿನ ಎರಡು ಸಲಕರಣೆಗಳೇ ಪರಸ್ಪರ ಒಪ್ಪುವುದಿಲ್ಲ: ಸ್ಪ್ಲಿಟ್‌ಎಕ್ಸ್‌ಟ್ ಆ ಒಂಟಿ ಚುಕ್ಕಿಯನ್ನೇ ಎಕ್ಸ್‌ಟೆನ್ಶನ್ ಎಂದು ಬೇರ್ಪಡಿಸುತ್ತದೆ, ಪಾತ್‌ಲಿಬ್ ಅದನ್ನು ಹೆಸರಿನಲ್ಲೇ ಉಳಿಸುತ್ತಿತ್ತು, ಮತ್ತು ಪೈಥಾನ್ 3.14ರಿಂದ ಪಾತ್‌ಲಿಬ್ ಕೂಡ ಒಂಟಿ ಚುಕ್ಕಿಯನ್ನು ಸಫಿಕ್ಸ್ ಎಂದೇ ಪರಿಗಣಿಸುತ್ತದೆ. ಇದರ ಮೇಲೆ ವಿಂಡೋಸ್ ಹೆಸರಿನ ಕೊನೆಯ ಚುಕ್ಕಿಯನ್ನೂ ಖಾಲಿ ಜಾಗವನ್ನೂ ಸದ್ದಿಲ್ಲದೆ ತೆಗೆದುಬಿಡುತ್ತದೆ, ಲಿನಕ್ಸ್ ತೆಗೆಯುವುದಿಲ್ಲ. ಒಂದೇ ಹೆಸರನ್ನು ಎರಡು ಯಂತ್ರಗಳಲ್ಲಿ ಟೈಪ್ ಮಾಡಿದವರು ಎರಡು ಬೇರೆ ಹೆಸರುಗಳ ಫೈಲುಗಳನ್ನು ಸೃಷ್ಟಿಸಿದ್ದರು, ಅದೂ ತಮಗೆ ತಿಳಿಯದಂತೆ.

ವಿಂಡೋಸಿನ ಇನ್ನೊಂದು ರೂಢಿಯಿಂದಲೂ ಕೆಲವು ಫೈಲುಗಳು ತಪ್ಪಿಹೋಗಿದ್ದವು. ಪರಿಚಿತ ಎಕ್ಸ್‌ಟೆನ್ಶನ್‌ಗಳನ್ನು ಅದು ಮೂಲ ಸ್ಥಿತಿಯಲ್ಲಿ ಮರೆಮಾಡಿ ತೋರಿಸುತ್ತದೆ. ಹೆಸರು ಬದಲಿಸುವವರು ಎಕ್ಸ್‌ಟೆನ್ಶನ್ ಕಾಣುತ್ತಿಲ್ಲವೆಂದು ತಾವೇ ‘.ಜೆಪಿಜಿ’ ಎಂದು ಸೇರಿಸಿದರೆ ಫೈಲು ‘ವೈದೇಹಿ.ಜೆಪಿಜಿ.ಜೆಪಿಜಿ’ ಆಗುತ್ತದೆ, ಪರದೆಯ ಮೇಲೆ ಮಾತ್ರ ‘ವೈದೇಹಿ.ಜೆಪಿಜಿ’ ಎಂದು ಅಚ್ಚುಕಟ್ಟಾಗಿಯೇ ಕಾಣುತ್ತದೆ. ಸ್ಟೆಮ್ ಒಂದನ್ನು ಮಾತ್ರ ಕಳಚುತ್ತದೆ.

ಚುಕ್ಕಿ ಎಲ್ಲಿಂದ ಬಂತು

ಇಲ್ಲಿ ನಿಂತು ಎಕ್ಸ್‌ಟೆನ್ಶನ್ ಎಂದರೆ ನಿಜಕ್ಕೂ ಏನು ಎಂದು ಕೇಳಿಕೊಳ್ಳುವುದು ಅಗತ್ಯವಾಯಿತು. ವಿಂಡೋಸಿಗೆ ಮೊದಲಿದ್ದ ಡಾಸ್ ಕಾಲದ ಫ್ಯಾಟ್ ಎಂಬ ಫೈಲು ವ್ಯವಸ್ಥೆಯಲ್ಲಿ ಪ್ರತಿ ಫೈಲಿಗೆ 32 ಬೈಟುಗಳ ಒಂದು ನಮೂದು ಇರುತ್ತಿತ್ತು. ಅದರಲ್ಲಿ 8 ಬೈಟು ಹೆಸರಿಗೆ, 3 ಬೈಟು ಎಕ್ಸ್‌ಟೆನ್ಶನ್ನಿಗೆ. ನಡುವಿನ ಚುಕ್ಕಿಯನ್ನು ಡಿಸ್ಕಿನಲ್ಲಿ ಬರೆಯುತ್ತಲೇ ಇರಲಿಲ್ಲ, ಅದು ತೋರಿಸುವಾಗ ಮಾತ್ರ ಸೇರುತ್ತಿತ್ತು. ಆ ವ್ಯವಸ್ಥೆಯಲ್ಲಿ ಹೆಸರು ಎಲ್ಲಿ ಮುಗಿಯುತ್ತದೆ, ಎಕ್ಸ್‌ಟೆನ್ಶನ್ ಎಲ್ಲಿ ಆರಂಭವಾಗುತ್ತದೆ ಎಂಬುದು ಕಂಪ್ಯೂಟರಿಗೆ ಖಚಿತವಾಗಿ ತಿಳಿದಿತ್ತು. ಯೂನಿಕ್ಸಿನಲ್ಲಿ ಮೊದಲಿನಿಂದಲೂ ಆ ವಿಭಜನೆಯೇ ಇರಲಿಲ್ಲ. ಅದರ ಕರ್ನೆಲಿಗೆ ಹೆಸರಿನ ನಡುವಿನ ಚುಕ್ಕಿ ಬೇರೆ ಯಾವ ಅಕ್ಷರಕ್ಕಿಂತಲೂ ಹೆಚ್ಚಲ್ಲ. 1995ರ ವಿಂಡೋಸ್ ಉದ್ದ ಹೆಸರುಗಳಿಗೆ ದಾರಿ ಮಾಡಿದ ಮೇಲೆ ಅಲ್ಲಿಯೂ ಹೆಸರು ಒಂದೇ ಅಖಂಡ ಸರಣಿಯಾಯಿತು, ಹೆಸರಿನೊಳಗೆ ಎಷ್ಟು ಚುಕ್ಕಿ ಬೇಕಾದರೂ ಬರಬಹುದಾಯಿತು. ಹೀಗಾಗಿ ಇಂದು ಯಾವ ಫೈಲು ವ್ಯವಸ್ಥೆಗೂ ‘.ಬೇಂದ್ರೆ’ ಎಂಬುದು ಎಕ್ಸ್‌ಟೆನ್ಶನ್ ಹೌದೋ ಅಲ್ಲವೋ ಗೊತ್ತಿಲ್ಲ. ಕೊನೆಯ ಚುಕ್ಕಿಯ ನಿಯಮ ಒಂದು ಊಹೆ, ಮತ್ತು ಆ ಊಹೆ ಹುಟ್ಟಿದ್ದು ಚುಕ್ಕಿಯಿಲ್ಲದ ಹೆಸರುಗಳ ನಡುವೆ.

ಯೂನಿಕ್ಸಿನ ‘ಬೇಸ್‌ನೇಮ್’ ಆಜ್ಞೆಯ ವಿನಯ ನನಗೆ ಇಲ್ಲಿ ಮೆಚ್ಚುಗೆಯಾಯಿತು. ಯಾವ ಬಾಲವನ್ನು ಕಳಚಬೇಕೆಂದು ನಾವೇ ಹೇಳಬೇಕು; ಹೇಳದಿದ್ದರೆ ಅದು ಏನನ್ನೂ ಕಳಚುವುದಿಲ್ಲ. ಪರ್ಲ್ ಭಾಷೆಯ ‘ಫೈಲ್‌ಪಾರ್ಸ್’ ಕೂಡ ಕಳಚಬೇಕಾದ ಬಾಲಗಳ ಪಟ್ಟಿಯನ್ನು ನಮ್ಮಿಂದಲೇ ಪಡೆಯುತ್ತದೆ. ಪವರ್‌ಶೆಲ್‌ನ ‘ಬೇಸ್‌ನೇಮ್’ ಗುಣ ಹೆಸರಿನಲ್ಲಿ ಒಂದೇ ಆದರೂ ಪೈಥಾನಿನಂತೆ ಕೊನೆಯ ಚುಕ್ಕಿಯನ್ನೇ ನಂಬುತ್ತದೆ. ಈ ಎರಡು ಮನೋಭಾವಗಳ ನಡುವೆ, ಕನ್ನಡದ ಹೆಸರುಗಳಿಗೆ ಒಗ್ಗುವುದು ಮೊದಲನೆಯದೇ ಎಂಬ ತೀರ್ಮಾನಕ್ಕೆ ನಾವು ಬಂದೆವು.

ಅಡ್ಡದಾರಿಗಳು

ಆ ತೀರ್ಮಾನಕ್ಕೆ ಮೊದಲು ಎರಡು ಅಡ್ಡದಾರಿಗಳನ್ನೂ ಹಿಡಿದಿದ್ದೆವು. ಫೈಲಿನ ಹೆಸರನ್ನು ಕತ್ತರಿಸುವ ಬದಲು, ಪಟ್ಟಿಯ ಹೆಸರಿಗೆ ಚುಕ್ಕಿ ಮತ್ತು ನಕ್ಷತ್ರ ಸೇರಿಸಿ ‘ಗ್ಲೋಬ್’ (ನಕ್ಷತ್ರದ ಜಾಗದಲ್ಲಿ ಏನಿದ್ದರೂ ಹೊಂದುವ ನಮೂನೆಯ ಹುಡುಕಾಟ) ಮೂಲಕ ಹುಡುಕುವುದು ಮೊದಲನೆಯದು. ಇದು ಮೇಲ್ನೋಟಕ್ಕೆ ಬಹಳ ಸೊಗಸಾದ ದಾರಿ. ಆದರೆ ಪೈಥಾನಿನ ಗ್ಲೋಬ್‌ನಲ್ಲಿ ‘ಕುವೆಂಪು.*’ ಎಂಬ ನಮೂನೆ ಎಕ್ಸ್‌ಟೆನ್ಶನ್ ಇಲ್ಲದ ‘ಕುವೆಂಪು’ ಫೈಲಿಗೆ ಹೊಂದುವುದಿಲ್ಲ. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ ಅದೇ ನಮೂನೆ ಕೊಟ್ಟರೆ ಹೊಂದುತ್ತದೆ, ಏಕೆಂದರೆ ಅಲ್ಲಿ ಡಾಸ್ ಕಾಲದ ಅರ್ಥವೇ ಮುಂದುವರಿದಿದೆ. ಅಲ್ಲಿ ಪರೀಕ್ಷಿಸಿ ಇಲ್ಲಿ ಬರೆಯುವವರು ಇದರಿಂದ ಮೋಸಹೋಗುತ್ತಾರೆ. ‘ಬಿ.ಎಂ.ಶ್ರೀ.*’ ಎಂದರೆ ‘ಬಿ.ಎಂ.ಶ್ರೀ.ಪತ್ರ.ಟಿಫ್’ ಕೂಡ ಬರುತ್ತದೆ. ಇನ್ನು ನಮ್ಮ ಪಟ್ಟಿಯಲ್ಲಿ ಕಾವ್ಯನಾಮದ ಪಕ್ಕದಲ್ಲಿ ನಿಜನಾಮವನ್ನು ಚೌಕ ಕಂಸದಲ್ಲಿ ಬರೆಯುವ ಪದ್ಧತಿಯಿತ್ತು, ‘ನಿರಂಜನ [ಕುಳಕುಂದ ಶಿವರಾಯ]’ ಎಂಬಂತೆ, ಮತ್ತು ಫೈಲುಗಳಿಗೂ ಅದೇ ಹೆಸರನ್ನು ಇಟ್ಟಿದ್ದರು. ಗ್ಲೋಬ್‌ನ ಭಾಷೆಯಲ್ಲಿ ಚೌಕ ಕಂಸವೆಂದರೆ ಒಳಗಿನ ಅಕ್ಷರಗಳಲ್ಲಿ ಯಾವುದಾದರೂ ಒಂದು ಎಂದರ್ಥ. ಹಾಗಾಗಿ ಆ ಫೈಲು ಎದುರಿಗಿದ್ದರೂ ಎಂದಿಗೂ ಸಿಗಲಿಲ್ಲ. ‘ಗ್ಲೋಬ್.ಎಸ್ಕೇಪ್’ ಬಳಸಿದರೆ ಈ ಒಂದು ತೊಂದರೆ ನಿವಾರಣೆಯಾಗುತ್ತದೆ, ಉಳಿದವು ಉಳಿಯುತ್ತವೆ.

ಎರಡನೆಯ ಅಡ್ಡದಾರಿ, ಫೈಲಿನ ಹೆಸರು ಪಟ್ಟಿಯ ಹೆಸರಿನಿಂದ ಆರಂಭವಾದರೆ ಸಾಕು ಎಂಬುದು. ಇಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಬೇಕು. ಪಟ್ಟಿಯಲ್ಲಿ ‘ಕೆ.ಎಸ್.ನ’ ಎಂದಿತ್ತು. ಸ್ಕ್ರಿಪ್ಟ್ ಅದಕ್ಕೆ ಕೆ.ಎಸ್.ನರಸಿಂಹಸ್ವಾಮಿಯವರ ಚಿತ್ರವನ್ನು ತಂದುಕೊಟ್ಟಿತು, ಅದು ಸರಿಯಾದದ್ದೇ. ಅದರ ಜೊತೆಗೆ ಕೆ.ಎಸ್.ನಿಸಾರ್ ಅಹಮದ್ ಅವರ ಚಿತ್ರವನ್ನೂ ತಂದಿತು. ‘ನಿ’ ಎಂಬುದು ‘ನ’ ಎಂಬುದರಿಂದ ಹೇಗೆ ಆರಂಭವಾಯಿತು ಎಂದು ಕನ್ನಡಿಗರು ಕೇಳುವುದು ನ್ಯಾಯವೇ. ನಮಗೆ ‘ನಿ’ ಒಂದು ಅಕ್ಷರ. ಕಂಪ್ಯೂಟರಿನಲ್ಲಿ ಲಿಪಿಗಳನ್ನು ಸಂಕೇತಗಳಾಗಿ ಇಡುವ ಮಾನಕವಾದ ಯೂನಿಕೋಡಿನಲ್ಲಿ ಅದು ‘ನ’ ಎಂಬ ವ್ಯಂಜನ ಮತ್ತು ಗುಡಿಸು ಎಂಬ ಚಿಹ್ನೆ ಎಂದು ಎರಡು ಸಂಕೇತಗಳು, ಮೊದಲನೆಯದು ‘ನ’ ಒಂದೇ ಇದ್ದಾಗಿನ ಸಂಕೇತವೇ. ಪೈಥಾನಿನ ‘ಸ್ಟಾರ್ಟ್ಸ್‌ವಿತ್’ ಸಂಕೇತಗಳನ್ನು ಹೋಲಿಸುತ್ತದೆ, ಅಕ್ಷರಗಳನ್ನಲ್ಲ. ಇಬ್ಬರು ಕವಿಗಳ ಚಿತ್ರ ಅದಲುಬದಲಾಗಿ ಪ್ರಕಟವಾಗಿದ್ದರೆ ಸಂಘಕ್ಕೆ ಆಗುತ್ತಿದ್ದ ಮುಜುಗರವನ್ನು ನೆನೆದು ಆ ದಾರಿಯನ್ನು ಅಂದೇ ಬಿಟ್ಟೆವು. ಸಿಗದಿರುವುದಕ್ಕಿಂತ ತಪ್ಪಾಗಿ ಸಿಗುವುದು ಕೆಟ್ಟದ್ದು. ಸಿಗದ್ದನ್ನು ಯಾರಾದರೂ ಹುಡುಕುತ್ತಾರೆ, ಸಿಕ್ಕಿದೆಯೆಂದು ವರದಿಯಾದದ್ದನ್ನು ಯಾರೂ ಮತ್ತೆ ತೆರೆದು ನೋಡುವುದಿಲ್ಲ.

ಬಾಲವನ್ನು ಕಳಚಲು ‘ಆರ್‌ಸ್ಟ್ರಿಪ್’ ಬಳಸಬಾರದೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಕೊಟ್ಟ ಪದವನ್ನು ಕಳಚುವುದಿಲ್ಲ, ಆ ಪದದಲ್ಲಿರುವ ಅಕ್ಷರಗಳಲ್ಲಿ ಯಾವುದು ಕೊನೆಯಲ್ಲಿದ್ದರೂ ಕಳಚುತ್ತಲೇ ಹೋಗುತ್ತದೆ. ಹೆಸರು ಕನ್ನಡದಲ್ಲಿ, ಎಕ್ಸ್‌ಟೆನ್ಶನ್ ರೋಮನ್‌ನಲ್ಲಿ ಇರುವಾಗ ಈ ದೋಷ ಅಡಗಿಯೇ ಇರುತ್ತದೆ; ರೋಮನ್ ಅಕ್ಷರದ ಹೆಸರೊಂದು ಬಂದ ದಿನ ‘ಮ್ಯಾಪ್’ ಎಂಬ ಫೈಲು ಕೊನೆಯ ಪಿ ಅಕ್ಷರವನ್ನೂ ಕಳೆದುಕೊಳ್ಳುತ್ತದೆ. ಪೈಥಾನ್ 3.9ರಿಂದ ‘ರಿಮೂವ್‌ಸಫಿಕ್ಸ್’ ಇದೆ. ಅದು ಹೇಳಿದ್ದನ್ನಷ್ಟೇ ಮಾಡುತ್ತದೆ.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಎಕ್ಸ್‌ಟೆನ್ಶನ್‌ಗಳ ಪಟ್ಟಿಯನ್ನು ನಾವೇ ಕೊಟ್ಟು, ಆ ಪಟ್ಟಿಯಲ್ಲಿರುವುದನ್ನು ಮಾತ್ರ ಕಳಚುವ ಫಂಕ್ಷನ್ ಬರೆದ ಮೇಲೂ ಕೆಲವು ಹೆಸರುಗಳು ಹೊಂದಲಿಲ್ಲ. ಪಟ್ಟಿಯಲ್ಲಿ ‘ದ.ರಾ.ಬೇಂದ್ರೆ’, ಫೋಲ್ಡರಿನಲ್ಲಿ ‘ದ.ರಾ.ಬೇಂದ್ರೆ’, ಪಕ್ಕಪಕ್ಕದಲ್ಲಿಟ್ಟರೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಎರಡರ ಉದ್ದವನ್ನು ಪೈಥಾನಿಗೆ ಕೇಳಿದಾಗ ಒಂದಕ್ಕೆ 12, ಇನ್ನೊಂದಕ್ಕೆ 13 ಎಂದಿತು. ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ, ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಿಂದ ಪ್ರತಿಯೊಂದರ ಅಧಿಕೃತ ಹೆಸರನ್ನು ಕೇಳಿದಾಗ ಗುಟ್ಟು ಹೊರಬಿತ್ತು. ಒಂದು ಕಡೆ ‘ಬೇ’ ಎಂಬುದು ಬ ಮತ್ತು ಏತ್ವ ಎಂಬ ಎರಡು ಸಂಕೇತಗಳು. ಇನ್ನೊಂದು ಕಡೆ ಬ, ಎತ್ವ, ಮತ್ತು ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳು. ಶಾಲೆಯಲ್ಲಿ ಕಾಗುಣಿತ ಒಪ್ಪಿಸುವಾಗ ದೀರ್ಘವನ್ನು ಬಿಡಿಸಿ ಹೇಳುತ್ತಿದ್ದೆವಲ್ಲ, ಯೂನಿಕೋಡ್ ಕೂಡ ಹಾಗೆ ಬಿಡಿಸಿ ಬರೆಯಲು ಅವಕಾಶ ಕೊಟ್ಟಿದೆ. ಕನ್ನಡದಲ್ಲಿ ಹೀಗೆ ಎರಡು ಬಗೆಯಲ್ಲಿ ಬರೆಯಬಹುದಾದ ಸ್ವರಚಿಹ್ನೆಗಳು ಐದು: ಕೀ, ಕೇ, ಕೈ, ಕೊ, ಕೋ ಎಂಬಲ್ಲಿ ಬರುವವು. ಎರಡೂ ಬಗೆಗಳು ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಸಂಕೇತಗಳನ್ನು ನೇರವಾಗಿ ಹೋಲಿಸುವ ಸ್ಕ್ರಿಪ್ಟ್ ಅದನ್ನು ಅರಿಯದು.

ಬಿಡಿಸಿದ ರೂಪದ ಹೆಸರುಗಳು ಬಂದದ್ದು ಒಂದು ಹಳೆಯ ಮ್ಯಾಕ್ ಕಂಪ್ಯೂಟರಿನಿಂದ. ಅದರ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. 2017ರಲ್ಲಿ ಬಂದ ಎಪಿಎಫ್‌ಎಸ್ ಕೊಟ್ಟ ರೂಪವನ್ನೇ ಕಾಪಾಡುತ್ತದೆ. ಪೆನ್‌ಡ್ರೈವ್ ಮೂಲಕ ಬಂದ ಆ ಫೈಲುಗಳು ತಮ್ಮ ಮೂಲದ ಗುರುತನ್ನು ಹೆಸರಿನೊಳಗೇ ಹೊತ್ತು ತಂದಿದ್ದವು. ಹೋಲಿಸುವ ಮೊದಲು ಎರಡೂ ಬದಿಯನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿಸಿದ ಸಂಕೇತಗಳನ್ನು ಕೂಡಿಸಿ ಬರೆಯುವ ಯೂನಿಕೋಡಿನ ರೂಪಕ್ಕೆ) ತರುವ ಒಂದು ಸಾಲು ಇದಕ್ಕೆ ಪರಿಹಾರ.

ಆದರೂ ‘ತೀ.ನಂ.ಶ್ರೀ’ ಸಿಗಲಿಲ್ಲ. ಈ ಸಲ ಉದ್ದವೂ ಒಂದೇ, 10. ಮತ್ತೆ ಸಂಕೇತಗಳ ಹೆಸರು ಕೇಳಿದೆವು. ಐದನೆಯ ಜಾಗದಲ್ಲಿ, ‘ನಂ’ ಎಂಬಲ್ಲಿನ ಸೊನ್ನೆಗೆ, ಪಟ್ಟಿಯಲ್ಲಿ ‘ಕನ್ನಡ ಸೈನ್ ಅನುಸ್ವಾರ’ ಎಂದಿತ್ತು, ಫೈಲಿನಲ್ಲಿ ‘ಕನ್ನಡ ಡಿಜಿಟ್ ಝೀರೋ’ ಎಂದಿತ್ತು. ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಯಾರೋ ಒತ್ತಿದ್ದರು. ನಮ್ಮ ಲಿಪಿಯಲ್ಲಿ ಎರಡೂ ದುಂಡಗಿನ ಬಳೆ, ಎರಡನ್ನೂ ನಾವು ಸೊನ್ನೆ ಎಂದೇ ಕರೆಯುತ್ತೇವೆ. ಟೈಪ್ ಮಾಡಿದವರನ್ನು ದೂರುವುದು ಸರಿಯಲ್ಲ. ಎನ್‌ಎಫ್‌ಸಿ ಇದನ್ನು ಸರಿಪಡಿಸುವುದಿಲ್ಲ, ಏಕೆಂದರೆ ಯೂನಿಕೋಡಿನ ಪ್ರಕಾರ ಇವು ಸಮಾನವಲ್ಲ, ನಿಜಕ್ಕೂ ಬೇರೆ ಬೇರೆ ಅಕ್ಷರಗಳು.

ಮೂರನೆಯದು ಕಾಣದ ಅಕ್ಷರ. ‘ಕೆ.ಎಸ್.’ ಎಂಬಲ್ಲಿ ಅರ್ಧಾಕ್ಷರದ ಬಳಿಕ, ಚುಕ್ಕಿಗೆ ಮೊದಲು, ಕೂಡಿಕೆಯನ್ನು ತಡೆಯುವ ಶೂನ್ಯ ಅಗಲದ ಸಂಕೇತವೊಂದು ಕೆಲವು ಫೈಲುಗಳಲ್ಲಿ ಸೇರಿಕೊಂಡಿತ್ತು. ‘ರಾಜ್‌ಕುಮಾರ್’ ಎಂಬಂಥ ಪದದಲ್ಲಿ ಒತ್ತಕ್ಷರ ಮೂಡದಂತೆ ತಡೆಯಲು ಆ ಸಂಕೇತ ನಮಗೆ ಬೇಕೇ ಬೇಕು. ಚುಕ್ಕಿಯ ಮುಂದೆ ಅದರಿಂದ ಯಾವ ಉಪಯೋಗವೂ ಇಲ್ಲ, ತೊಂದರೆಯೂ ಕಾಣುವುದಿಲ್ಲ. ಹೋಲಿಕೆ ಮಾತ್ರ ವಿಫಲವಾಗುತ್ತದೆ.

ನಿಂತ ಕ್ರಮ

ಇಷ್ಟೆಲ್ಲ ಕಂಡ ಮೇಲೆ ನಾವು ಒಪ್ಪಿದ ಮುಖ್ಯ ನಿಲುವು, ಫೈಲಿನ ಹೆಸರನ್ನು ಮುಟ್ಟದೆ ಅದರಿಂದ ಹೋಲಿಕೆಗೆ ಮಾತ್ರ ಬಳಸುವ ಒಂದು ಕೀಲಿಯನ್ನು ತಯಾರಿಸುವುದು. ಹೆಸರು ಅದನ್ನು ಇಟ್ಟವರ ಸೊತ್ತು, ಕೀಲಿ ನಮ್ಮದು. ಪಟ್ಟಿಯ ಹೆಸರೂ ಫೈಲಿನ ಹೆಸರೂ ಒಂದೇ ಫಂಕ್ಷನ್ನಿನ ಮೂಲಕ ಹಾದು ಬರಬೇಕು ಎಂಬುದನ್ನು ಕಟ್ಟುನಿಟ್ಟಾಗಿ ಪಾಲಿಸಿದೆವು.

ಆ ಫಂಕ್ಷನ್ ಮೊದಲು ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ ತಂದು ಶೂನ್ಯ ಅಗಲದ ಸಂಕೇತಗಳನ್ನು ತೆಗೆಯುತ್ತದೆ. ಬಳಿಕ ಕೊನೆಯ ಚುಕ್ಕಿಯ ಆಚೆಗಿರುವುದನ್ನು ಸಣ್ಣಕ್ಷರಕ್ಕೆ ಇಳಿಸಿ, ಅದು ನಾವು ಬರೆದಿಟ್ಟ ಹನ್ನೊಂದು ಎಕ್ಸ್‌ಟೆನ್ಶನ್‌ಗಳಲ್ಲಿ ಒಂದಾಗಿದ್ದರೆ ಮಾತ್ರ ಕಳಚುತ್ತದೆ, ಕಳಚಿದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳುತ್ತದೆ, ಆದ್ದರಿಂದ ‘ವೈದೇಹಿ.ಜೆಪಿಜಿ.ಜೆಪಿಜಿ’ ಪೂರ್ತಿ ಕಳಚಿಕೊಳ್ಳುತ್ತದೆ, ‘ಅ.ನ.ಕೃ’ ಹಾಗೆಯೇ ಉಳಿಯುತ್ತದೆ. ಆ ಎಕ್ಸ್‌ಟೆನ್ಶನ್‌ಗಳ ಪಟ್ಟಿಯಲ್ಲಿ ‘ಕೃ’ ಇಲ್ಲ, ‘ಬೇಂದ್ರೆ’ ಇಲ್ಲ, ‘2019’ ಇಲ್ಲ. ಆಮೇಲೆ ಕೊನೆಯಲ್ಲಿ ಉಳಿದ ಚುಕ್ಕಿ ಮತ್ತು ಖಾಲಿ ಜಾಗ ಹೋಗುತ್ತವೆ, ‘ಪು.ತಿ.ನ.’ ಮತ್ತು ‘ಪು.ತಿ.ನ’ ಒಂದಾಗುತ್ತವೆ. ಚುಕ್ಕಿಯ ಅಕ್ಕಪಕ್ಕದ ಖಾಲಿ ಜಾಗವೂ ಹೋಗುತ್ತದೆ, ಏಕೆಂದರೆ ‘ಜಿ. ಎಸ್. ಶಿವರುದ್ರಪ್ಪ’ ಎಂದು ಬಿಡಿಸಿ ಬರೆಯುವವರೂ ‘ಜಿ.ಎಸ್.ಶಿವರುದ್ರಪ್ಪ’ ಎಂದು ಕೂಡಿಸಿ ಬರೆಯುವವರೂ ನಮ್ಮಲ್ಲಿ ಸಮಸಮ ಇದ್ದಾರೆ.

ಸೊನ್ನೆಯ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕಾಯಿತು. ಎಲ್ಲ ಅಂಕಿ ಸೊನ್ನೆಗಳನ್ನೂ ಅನುಸ್ವಾರ ಮಾಡಿಬಿಟ್ಟರೆ ೧೯೫೦ ಎಂಬ ಇಸವಿ ಕೆಡುತ್ತದೆ. ಹಿಂದೆ ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಇದ್ದು, ಮುಂದೆ ಅಂಕಿ ಇಲ್ಲದಿದ್ದರೆ ಮಾತ್ರ ಬದಲಿಸುವುದೆಂದು ನಿಯಮ ಮಾಡಿದೆವು. ‘ಭಾಗ೦೧’ ಎಂಬುದರಲ್ಲಿನ ಸೊನ್ನೆ ಇದರಿಂದ ಉಳಿದುಕೊಂಡಿತು.

ಹುಡುಕಾಟದ ದಿಕ್ಕನ್ನೂ ಬದಲಿಸಿದೆವು. ಪ್ರತಿ ಹೆಸರಿಗೂ ಫೋಲ್ಡರನ್ನು ಮತ್ತೆ ಮತ್ತೆ ಓದುವ ಬದಲು, ಮೂರು ಫೋಲ್ಡರುಗಳನ್ನು ‘ಓಎಸ್.ವಾಕ್’ ಮೂಲಕ ಒಂದೇ ಸಲ ಓದಿ, ಕೀಲಿಯಿಂದ ಫೈಲುಗಳಿಗೆ ಹೋಗುವ ಒಂದು ಡಿಕ್ಷನರಿ ಕಟ್ಟಿದೆವು. ಸಂಗ್ರಹವಿದ್ದದ್ದು ಹಂಚಿಕೊಂಡ ನೆಟ್‌ವರ್ಕ್ ಡಿಸ್ಕಿನಲ್ಲಾದ್ದರಿಂದ ಇದರ ಲಾಭ ಕಣ್ಣಿಗೆ ಕಾಣುವಷ್ಟಿತ್ತು. ಇದಕ್ಕಿಂತ ಮುಖ್ಯವಾದದ್ದು, ಪ್ರತಿ ಕೀಲಿಯ ಎದುರು ಒಂದು ಫೈಲನ್ನಲ್ಲ, ಫೈಲುಗಳ ಪಟ್ಟಿಯನ್ನೇ ಇಟ್ಟದ್ದು. ಮೊದಲ ಸ್ಕ್ರಿಪ್ಟಿನಲ್ಲಿ ಒಂದು ಇನ್ನೊಂದನ್ನು ಅಳಿಸಿದ ಪಾಠ ನೆನಪಿತ್ತು. ಒಂದೇ ಕೀಲಿಗೆ ಎರಡು ಫೈಲು ಬಂದರೆ ಯಾವುದು ಸರಿ ಎಂದು ಸ್ಕ್ರಿಪ್ಟ್ ತೀರ್ಮಾನಿಸುವುದಿಲ್ಲ, ಎರಡನ್ನೂ ವರದಿಯಲ್ಲಿ ಬರೆದು ಮನುಷ್ಯರ ಮುಂದಿಡುತ್ತದೆ. ಹೆಚ್ಚಿನ ಕಡೆ ಅವು ಸ್ಕ್ಯಾನ್ ಮಾಡಿದ ಟಿಫ್ ಮೂಲ ಮತ್ತು ಅದರಿಂದ ತೆಗೆದ ಜೆಪಿಜಿ ನಕಲು ಆಗಿದ್ದವು. ಕೀಲಿ ತಯಾರಿಸುವಾಗ ನಾವು ಎಲ್ಲಾದರೂ ಅತಿಯಾಗಿ ಕಳಚಿದ್ದರೂ ಅದು ಇದೇ ಜೋಡಿಗಳ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ ಎಂಬ ಭರವಸೆಯಿಂದಲೇ ಸೊನ್ನೆಯ ನಿಯಮವನ್ನು ಒಪ್ಪಿಕೊಂಡೆವು. ನಮ್ಮ ಹನ್ನೊಂದರಲ್ಲಿ ಇಲ್ಲದ, ಆದರೆ ರೋಮನ್ ಅಕ್ಷರಗಳಲ್ಲಿರುವ ಬಾಲ ಕಂಡರೆ ಅದನ್ನೂ ಪ್ರತ್ಯೇಕವಾಗಿ ತೋರಿಸುವಂತೆ ಮಾಡಿದೆವು. ಫೋನಿನಿಂದ ಬಂದ ಕೆಲವು ಧ್ವನಿ ಫೈಲುಗಳ ಬೇರೊಂದು ಎಕ್ಸ್‌ಟೆನ್ಶನ್ ಹೀಗೆ ಗಮನಕ್ಕೆ ಬಂದು ಪಟ್ಟಿಗೆ ಸೇರಿತು, ಪಟ್ಟಿ ಹನ್ನೆರಡಾಯಿತು.

ಮತ್ತೆ ಓಡಿಸಿದಾಗ, ಮೊದಲು ಹಲವು ಪುಟಗಳಷ್ಟಿದ್ದ ‘ಇಲ್ಲ’ ಪಟ್ಟಿ ಒಂದು ಪುಟಕ್ಕೆ ಇಳಿಯಿತು. ಅದರಲ್ಲಿ ನಿಜವಾಗಿ ಚಿತ್ರವೇ ಇಲ್ಲದ ಸಾಹಿತಿಗಳಿದ್ದರು, ಅವರ ಚಿತ್ರಗಳನ್ನು ಹುಡುಕುವ ಕೆಲಸವನ್ನು ಸಂಘದ ಸದಸ್ಯರು ಹಂಚಿಕೊಂಡರು. ಇನ್ನುಳಿದವರ ಫೈಲುಗಳು ಇದ್ದವು, ಆದರೆ ಪಟ್ಟಿಯಲ್ಲಿ ಬಿ.ಎಂ.ಶ್ರೀ ಎಂದಿದ್ದರೆ ಫೈಲಿನಲ್ಲಿ ಬಿ.ಎಂ.ಶ್ರೀಕಂಠಯ್ಯ, ಪಟ್ಟಿಯಲ್ಲಿ ತ.ರಾ.ಸುಬ್ಬರಾಯ ಎಂದಿದ್ದರೆ ಫೈಲಿನಲ್ಲಿ ತ.ರಾ.ಸು, ಪಟ್ಟಿಯಲ್ಲಿ ಕೆ.ಎಸ್.ನ ಎಂದಿದ್ದರೆ ಫೈಲಿನಲ್ಲಿ ಪೂರ್ತಿ ಹೆಸರು. ಯಾವ ಎಕ್ಸ್‌ಟೆನ್ಶನ್ ಕಳಚಿದರೂ ಇವು ಹೊಂದುವುದಿಲ್ಲ, ಹೊಂದಿಸಲು ಸ್ಕ್ರಿಪ್ಟನ್ನು ಇನ್ನಷ್ಟು ಸಡಿಲಗೊಳಿಸಿದರೆ ನಿಸಾರ್ ಅಹಮದ್ ಅವರ ಚಿತ್ರ ಮತ್ತೆ ತಪ್ಪು ಜಾಗಕ್ಕೆ ಬರುತ್ತದೆ. ಆದ್ದರಿಂದ ಎರಡು ಕಂಬಸಾಲುಗಳ ಒಂದು ಚಿಕ್ಕ ಟೆಕ್ಸ್ಟ್ ಫೈಲು ತೆರೆದೆವು: ಎಡಕ್ಕೆ ಪಟ್ಟಿಯ ಹೆಸರು, ಬಲಕ್ಕೆ ಫೈಲಿನ ಹೆಸರು. ಅದನ್ನು ತುಂಬಿದವರು ಸಂಘದ ಹಿರಿಯ ಸದಸ್ಯರೊಬ್ಬರು. ಪ್ರತಿ ಚಿತ್ರವನ್ನೂ ತೆರೆದು, ಮುಖ ನೋಡಿ, ಒಂದು ಸಂಜೆಯಲ್ಲಿ ಬರೆದು ಮುಗಿಸಿದರು. ಸ್ಕ್ರಿಪ್ಟ್ ಈಗ ಕೀಲಿ ಹೊಂದದಿದ್ದಾಗ ಕೊನೆಯದಾಗಿ ಆ ಫೈಲನ್ನು ನೋಡುತ್ತದೆ.